ಯಂತ್ರ ಅಂಗಳದಲ್ಲಿದೆ, ಎವಾಲ್ಡ್

ಸ್ಯಾಂಡ್‌ಬೆಕ್, ಮಾರ್ಚ್ ೯

ಪ್ರೀತಿಯ ಎವಾಲ್ಡ್,

ಪ್ರೀತಿಯ ಎಂದು ಬರೆದಿದ್ದೇನೆಂದು ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ನಿನ್ನ ಅಕ್ಕ ಪೆಟ್ರಿನ ನಿನ್ನೆ ಫೋನ್ ಮಾಡಿ, ಎವಾಲ್ಡ್ ಚೆನ್ನಾಗಿದ್ದಾನೆ, ಕಿಟಕಿಗಳಿಗೆ ಬಣ್ಣ ಹಚ್ಚುತ್ತಿದ್ದಾನೆ ಎಂದಳು. ಏಳು ವಾರದಿಂದ ಹಚ್ಚುತ್ತಿದ್ದೀಯ. ದ್ವೀಪದ ಅವಳ ಮನೆಗಿರುವುದು ಒಂಬತ್ತು ಕಿಟಕಿ. ನೀನು ಫೋನ್ ಎತ್ತುವುದಿಲ್ಲ, ನಾನು ದ್ವೀಪಕ್ಕೆ ಬಂದರೆ ಮೀನು ಹಿಡಿಯಲು ಹೋಗಿಬಿಡುತ್ತೀಯ. ಕಾಗದವನ್ನಾದರೂ ಒಡೆದು ಓದುತ್ತೀಯ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಕರೆಂಟ್ ಬಿಲ್ಲನ್ನು ಕೂಡ ಎರಡು ಸಲ ಓದುವವನು ನೀನು.

ಮೊದಲು ಜಗಳದ ವಿಷಯ ಮುಗಿಸುತ್ತೇನೆ. ಪಕ್ಕದ ಹೊಲದ ವಿಗ್ಗೊ ಹೋದ ತಿಂಗಳು ಗುತ್ತಿಗೆ ಪತ್ರ ಹಿಡಿದುಕೊಂಡು ಬಂದಿದ್ದ. ಟೋಪಿ ಕೈಯಲ್ಲಿ ತಿರುಗಿಸುತ್ತಾ ಬಾಗಿಲಲ್ಲೇ ನಿಂತು, "ಎವಾಲ್ಡ್ ಫೋನ್ ಮಾಡಿದ್ದ ಡಾಗ್ನಿ. ಹತ್ತು ವರ್ಷಕ್ಕೆ ಹೊಲ ನಂಗೇ ಬಿಡ್ತೀನಿ ಅಂದ. ಅವನ ಸೈನ್ ಬಂದಿದೆ, ಇನ್ನು ನಿಂದೊಂದು ಬೇಕಷ್ಟೆ" ಅಂದ. ನನ್ನನ್ನು ಒಂದು ಮಾತು ಕೇಳದೆ ಸಹಿ ಮಾಡಿದ್ದೀಯ. ಪತ್ರವನ್ನು ಅವನ ಕಣ್ಣೆದುರೇ ಒಲೆಗೆ ಹಾಕಿದೆ. ಹೊಲ ಇಬ್ಬರ ಹೆಸರಿನಲ್ಲಿದೆ. ಅದರಲ್ಲಿ ಕಲ್ಲು ಆರಿಸಿದ ಬೆನ್ನು ನನ್ನದು.

ಆದರೆ ನಮ್ಮ ಬೆಳೆ ಕೊಳ್ಳುವ ಪಿಷ್ಟದ ಕಾರ್ಖಾನೆಯ ಕರಾರಿಗೂ ಇಬ್ಬರ ಸಹಿ ಬೇಕು. ಮಾರ್ಚ್ ಇಪ್ಪತ್ತು ಕೊನೆಯ ದಿನ. ಅಷ್ಟರೊಳಗೆ ಕೊಡದಿದ್ದರೆ ಈ ವರ್ಷದ ನಮ್ಮ ಆಲೂಗಡ್ಡೆ ಅವರಿಗೆ ಬೇಡ, ನಮ್ಮ ಪಾಲು ಬೇರೆಯವರಿಗೆ ಹೋಗುತ್ತದೆ, ಆಮೇಲೆ ವಿಗ್ಗೊಗೆ ಕೊಡುವುದೊಂದೇ ದಾರಿ. ನನ್ನ ಸಹಿ ಹಾಕಿದ್ದೇನೆ. ನಿನ್ನ ಜಾಗ ಖಾಲಿ ಇದೆ. ಗೆಡ್ಡೆ ಕೀಳುವ ಯಂತ್ರವೇ ಇಲ್ಲದೆ ಕರಾರು ಯಾಕೆ ಎಂದು ನೀನು ಕೇಳುತ್ತೀಯ. ಅದಕ್ಕೇ ಈ ಕಾಗದ ಉದ್ದವಾಗಲಿದೆ.

ನಡೆದದ್ದನ್ನು ಒಮ್ಮೆ ಬರೆದು ಹಾಕುತ್ತೇನೆ. ನಾವಿಬ್ಬರೂ ಇದನ್ನು ಬಾಯಿಬಿಟ್ಟು ಮಾತಾಡಿಲ್ಲ. ಹಳೆಯ ಯಂತ್ರದ ಅಚ್ಚು ಮುರಿದಿತ್ತು. ಬಾಡಿಗೆ ಯಂತ್ರದವನು ಎಲ್ಲರ ಹೊಲ ಮುಗಿಸಿ, ನೆಲ ಹೆಪ್ಪುಗಟ್ಟುವ ಹೊತ್ತಿಗೆ ನಮ್ಮಲ್ಲಿಗೆ ಬರುವವನು. ಹಾಗಾಗಿ ನೀನು ಸಂಜೆಯೆಲ್ಲ ಕಂಪ್ಯೂಟರ್ ಮುಂದೆ ಕೂತು ಹಳೆಯ ಯಂತ್ರಗಳ ಜಾಹೀರಾತು ನೋಡುತ್ತಿದ್ದೆ. ಒಂದು ಸಂಜೆ ಹೆನ್ನಿಂಗ್ ಎಂಬವನ ಜಾಹೀರಾತನ್ನು ನನಗೆ ಓದಿ ಹೇಳಿದೆ: ಎಡಗಡೆಯ ಟೈರ್ ಬಿರುಕು ಬಿಟ್ಟಿದೆ, ಗೆಡ್ಡೆ ಸಾಗಿಸುವ ಪಟ್ಟಿಗೆ ಎರಡು ಕಡೆ ತೇಪೆ ಹಾಕಿದೆ, ತೀರಾ ಕೆಟ್ಟದಾಗೇನೂ ಓಡುವುದಿಲ್ಲ. ಓದಿ ಮುಗಿಸಿ ಮೇಜು ತಟ್ಟಿ, "ನೋಡು, ಇವ್ನು ನಮ್ಮವ್ನು" ಅಂದೆ.

ಅವನು ನಮ್ಮನ್ನು ಹಿಡಿದದ್ದೇ ಅಲ್ಲಿ. ಈ ಕಡೆಯ ಜನ ತನ್ನ ಸಾಮಾನನ್ನು ಹೊಗಳುವವನನ್ನು ಕಳ್ಳ ಎಂದೇ ತಿಳಿಯುತ್ತಾರೆ. ತನ್ನ ಹಸುವನ್ನು ತಾನೇ ಬೈಯುವವನ ಹತ್ತಿರ ಕಣ್ಣುಮುಚ್ಚಿ ಹಸು ಕೊಳ್ಳುತ್ತಾರೆ. ಎಲ್ಲೋ ಕೂತ ಆ ಖದೀಮ ನಮ್ಮ ಈ ಬುದ್ಧಿಯನ್ನು ಕಲಿತುಕೊಂಡಿದ್ದ. ಎರಡು ದೋಷ ಹೇಳಿ ಇಡೀ ಸುಳ್ಳನ್ನು ಮಾರಿದ.

ನೋಡಲು ಬರುತ್ತೇನೆ ಎಂದು ನೀನು ಬರೆದದ್ದಕ್ಕೆ ಅವನ ಉತ್ತರ ನನಗೆ ಬಾಯಿಪಾಠವಾಗಿದೆ. ಹಂದಿ ಸಾಕಿದ್ದೇವೆ, ಹಂದಿಜ್ವರದ ಭಯ, ಹೊರಗಿನವರನ್ನು ಅಂಗಳಕ್ಕೆ ಬಿಡುವುದಿಲ್ಲ, ಕ್ಷಮಿಸಬೇಕು. ಬೇರೆ ಯಾರಾದರೂ ಇದಕ್ಕೆ ಅನುಮಾನಪಡುತ್ತಿದ್ದರು. ಮೂವತ್ತು ವರ್ಷ ಹಂದಿ ಸಾಕಿದವನು, ಸ್ವಂತ ತಮ್ಮನನ್ನು ಕ್ರಿಸ್‌ಮಸ್ ದಿನ ಗೇಟಿನಲ್ಲೇ ನಿಲ್ಲಿಸಿ ಬೂಟು ಬದಲಾಯಿಸಿಕೋ ಎಂದವನು ನೀನು. "ಶಿಸ್ತಿನ ಮನುಷ್ಯ" ಅಂದೆ. ಇನ್ನೊಂದು ಪ್ರಶ್ನೆ ಕೇಳುವುದು ಅವನಿಗೆ ಅವಮಾನ ಎಂದು ನೀನು ತಿಳಿದೆ. ಲಾರಿಯಲ್ಲಿ ಕಳಿಸುತ್ತೇನೆ, ಯಂತ್ರ ನಿಮಗೆ ಮುಟ್ಟುವವರೆಗೆ ಹಣವು ಲಾರಿಯ ಸಾಗಾಣಿಕೆ ಕಂಪನಿಯ ಕೈಯಲ್ಲಿ ಭದ್ರವಾಗಿರುತ್ತದೆ ಎಂದು ಅವನು ಬರೆದ. ಪೂರ್ತಿ ಹಣ ಹೋಯಿತು.

ಲಾರಿ ಬರುವ ದಿನ ನೀನು ಕೊಟ್ಟಿಗೆ ಗುಡಿಸಿದೆ. ವಿಗ್ಗೊನನ್ನೂ ಇನ್ನಿಬ್ಬರನ್ನೂ ಕಾಫಿಗೆ ಕರೆದೆ. ನಾನು ನಾಲ್ಕು ಬಗೆಯ ಕೇಕ್ ಮಾಡಿದೆ. ಕತ್ತಲಾಗುವವರೆಗೆ ಐದು ಜನ ಕಿಟಕಿಯಿಂದ ರಸ್ತೆ ನೋಡುತ್ತಾ ಕೂತಿದ್ದೆವು. ಯಾರೂ ಏನೂ ಕೇಳಲಿಲ್ಲ. ಒಬ್ಬೊಬ್ಬರೇ ಕೇಕ್ ಚೆನ್ನಾಗಿದೆ ಎಂದು ಹೇಳಿ ಎದ್ದು ಹೋದರು. ವಿಗ್ಗೊ ತನ್ನ ಕಪ್ಪನ್ನು ತಾನೇ ತೊಳೆದಿಟ್ಟು ಹೋದ, ಸತ್ತ ಮನೆಯಲ್ಲಿ ಮಾಡುವ ಹಾಗೆ. ಬೆಳಗಾಗುವಷ್ಟರಲ್ಲಿ ನೀನು ದೋಣಿ ಹತ್ತಿದ್ದೆ.

ಮೋಸ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ನಾಚಿಕೆಯನ್ನೆಲ್ಲ ಒಬ್ಬನೇ ಮೂಟೆ ಕಟ್ಟಿಕೊಂಡು ಹೋದೆಯಲ್ಲ, ಅದಕ್ಕೆ ಸಿಟ್ಟು. ಊರಿನ ಅಂಗಡಿಯಲ್ಲಿ ಜನ ನನ್ನನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಬ್ರೆಡ್ ಕೊಡುವ ಹುಡುಗಿ ನನಗೆ ಎರಡು ಬನ್ ಹೆಚ್ಚು ಹಾಕಿದಳು. ತೆಗೆದು ವಾಪಸ್ ಇಟ್ಟೆ. ನನಗೆ ಕನಿಕರದ ಬನ್ ಬೇಡ.

ಫೆಬ್ರವರಿಯ ಮೊದಲ ವಾರ ನಾನೇ ಕಂಪ್ಯೂಟರ್ ಮುಂದೆ ಕೂತೆ. ಮೂರನೆಯ ದಿನ ಆ ಯಂತ್ರ ಕಣ್ಣಿಗೆ ಬಿತ್ತು. ಅದೇ ಚಿತ್ರ, ಅದೇ ಬಿರುಕು ಬಿಟ್ಟ ಟೈರ್, ಅದೇ ಎರಡು ತೇಪೆ. ಹೆಸರು ಮಾತ್ರ ಬೇರೆ. ಈ ಸಲ ಅವನು ಅನ್ನೆಲೀಸ ಎಂಬ ವಿಧವೆಯಾಗಿದ್ದ, ಗಂಡ ಸತ್ತ ಮೇಲೆ ಕೊಟ್ಟಿಗೆ ಖಾಲಿ ಮಾಡುತ್ತಿದ್ದ. ಅವನಿಗೆ ಬರೆದೆ. ನನ್ನ ಹೆಸರು ಹೇಳಲಿಲ್ಲ, ನಿನ್ನ ಅಜ್ಜಿಯ ಹೆಸರು ಹಾಕಿಕೊಂಡೆ.

ಎರಡು ವಾರ ಅವನ ಜೊತೆ ಪತ್ರ ವ್ಯವಹಾರ ನಡೆಸಿದೆ, ನಮ್ಮ ಮದುವೆಗೆ ಮೊದಲು ನಿನ್ನ ಜೊತೆಗೂ ಅಷ್ಟು ಬರೆದಿರಲಿಲ್ಲ. ನೀವು ಬೆಳೆದದ್ದು ಎಲ್ಲಿ ಎಂದು ಕೇಳಿದೆ. ಲೋಲಂಡ್ ಎಂದ. ಎವಾಲ್ಡ್, ಹೆನ್ನಿಂಗ್ ಕೂಡ ಲೋಲಂಡ್‌ನವನೇ ಆಗಿದ್ದ. ಅಲ್ಲಿಯದು ಜೇಡಿಮಣ್ಣು, ಅವರು ಬೆಳೆಯುವುದು ಸಕ್ಕರೆ ಗೆಡ್ಡೆ. ಚಿತ್ರದಲ್ಲಿ ಯಂತ್ರದ ಚಕ್ರಕ್ಕೆ ಅಂಟಿರುವುದು ನಮ್ಮಂಥ ಮರಳುಮಣ್ಣು. ಒಂದು ಹಿಡಿ ಮಣ್ಣು ಕೊಟ್ಟರೆ ಯಾವ ಊರಿನದೆಂದು ಹೇಳುವವನು ನೀನು, ನಿನಗಿದು ಕಾಣದೆ ಹೋಯಿತು. ಬೇಕು ಎಂದಾಗ ಕಣ್ಣು ಬೇಕಾದ್ದನ್ನಷ್ಟೇ ನೋಡುತ್ತದೆ. ಹೋದ ವರ್ಷ ಗೆಡ್ಡೆ ಯಾವಾಗ ಕಿತ್ತಿರಿ ಎಂದೆ. ಜುಲೈ ಎಂದ. ಪಿಷ್ಟದ ಆಲೂಗಡ್ಡೆ ಜುಲೈನಲ್ಲಿ ಗೋಲಿಯಷ್ಟು ಇರುತ್ತದೆ.

ಯಂತ್ರದ ಮೈಮೇಲಿನ ನಂಬರ್ ತಗಡಿನ ಚಿತ್ರ ಕಳಿಸಿ, ಪಕ್ಕದಲ್ಲಿ ಒಂದು ಕಾಫಿ ಕಪ್ ಇಟ್ಟು ಇವತ್ತೇ ತೆಗೆಯಿರಿ ಎಂದೆ. ಮಳೆ ಎಂದ. ಮಳೆ ನಿಂತ ಮೇಲೆ ಎಂದೆ. ಹಳೆಯ ಚಿತ್ರವನ್ನೇ ಮತ್ತೆ ಕಳಿಸಿದ. ಫೋನಿನಲ್ಲಿ ಮಾತಾಡೋಣ ಎಂದೆ, ಗಂಟಲು ಕೆಟ್ಟಿದೆ ಎಂದ. ಆದರೂ ನನಗೆ ನೂರಕ್ಕೆ ನೂರು ಖಾತ್ರಿಯಾದದ್ದು ಬೇರೆ ಒಂದರಿಂದ. ನಿಮ್ಮ ಬೆಲೆ ತೀರಾ ಕಡಿಮೆಯಾಯಿತು ತಾಯಿ, ವಿಧವೆಗೆ ಅನ್ಯಾಯ ಮಾಡಲಾರೆ, ಇನ್ನಷ್ಟು ಕೊಡುತ್ತೇನೆ ಎಂದು ಬರೆದೆ. ನಮ್ಮ ಕಡೆಯ ಯಾವ ಹೆಂಗಸಾದರೂ ಇದಕ್ಕೆ ಏನು ಹೇಳುತ್ತಾಳೆ? ಬೇಡಪ್ಪ, ಅದು ಅಷ್ಟಕ್ಕೆ ಬಾಳುವುದಿಲ್ಲ ಎಂದು ಗಾಬರಿಯಾಗುತ್ತಾಳೆ, ಹೆಚ್ಚು ಕೊಡುವವನ ಮೇಲೆ ಅನುಮಾನಪಡುತ್ತಾಳೆ, ಇನ್ನೂ ಮೂರು ದೋಷ ಹುಡುಕಿ ಹೇಳುತ್ತಾಳೆ. ಇವನು ಎರಡೇ ನಿಮಿಷದಲ್ಲಿ ಧನ್ಯವಾದ ಹೇಳಿ ಖಾತೆ ನಂಬರ್ ಕಳಿಸಿದ. ದೋಷ ಹೇಳುವುದನ್ನು ಕಲಿತಿದ್ದ, ಸಂಕೋಚವನ್ನು ಕಲಿತಿರಲಿಲ್ಲ.

ಪಟ್ಟಣದ ಗ್ರಂಥಾಲಯದಲ್ಲಿ ಬೋಡಿಲ್ ಇದ್ದಾಳಲ್ಲ, ಕನ್ನಡಕ ಹಣೆಗೇರಿಸಿಕೊಂಡು ಕನ್ನಡಕ ಹುಡುಕುವವಳು, ಅವಳ ಹತ್ತಿರ ಎಲ್ಲವನ್ನೂ ಒಯ್ದೆ. ಸಾಗಾಣಿಕೆ ಕಂಪನಿಯ ಜಾಲತಾಣ ಹುಟ್ಟಿದ್ದೇ ಡಿಸೆಂಬರ್‌ನಲ್ಲಿ ಎಂದು ಅವಳು ಕಂಡುಹಿಡಿದಳು. ಕಂಪನಿಯ ನೋಂದಣಿ ನಂಬರ್ ಅಸಲಿ, ಆದರೆ ಅದು ಒಬ್ಬ ಕ್ಷೌರಿಕನದು. ಸರ್ಕಾರದ ಪಟ್ಟಿಯಲ್ಲಿರುವ ಫೋನ್‌ಗೆ ನಾವೇ ಮಾಡಿದರೆ ಆ ಕ್ಷೌರಿಕ, "ಲಾರಿನಾ? ನನ್ಹತ್ರ ಇರೋದು ಸೈಕಲ್ಲು ಕಣಮ್ಮ" ಅಂದ. ಜಾಹೀರಾತಿನಲ್ಲಿರುವ ನಂಬರಿಗೆ ಮಾಡಬಾರದು, ಪಟ್ಟಿಯಲ್ಲಿರುವುದಕ್ಕೆ ಮಾಡಬೇಕು. ಐದು ನಿಮಿಷದ ಕೆಲಸ. ನಾವು ಮಾಡಲಿಲ್ಲ.

ಆಮೇಲೆ ಬೋಡಿಲ್ ಚಿತ್ರವನ್ನೇ ಕೊಟ್ಟು ಹುಡುಕಿದಳು. ಹಾಗೂ ಹುಡುಕಬಹುದಂತೆ. ಅದೇ ಚಿತ್ರ ಹೋದ ವರ್ಷದ, ಈಗ ತೆಗೆದುಹಾಕಿರುವ ಒಂದು ಜಾಹೀರಾತಿನ ಉಳಿದ ಪ್ರತಿಯಲ್ಲಿ ಸಿಕ್ಕಿತು. ಮೋರ್ಸ್ ದ್ವೀಪದ ಒಂದು ಹಳ್ಳಿ, ಮಾರುವವನ ಹೆಸರಿಲ್ಲ, ಫೋನ್ ನಂಬರ್ ಸತ್ತಿದೆ. ಅಂದರೆ ಯಂತ್ರ ನಿಜವಾಗಿ ಇತ್ತು, ಎವಾಲ್ಡ್. ನೀನು ಗಾಳಿಯನ್ನು ನಂಬಿರಲಿಲ್ಲ. ಗ್ರಂಥಾಲಯದಲ್ಲೇ ಅತ್ತುಬಿಟ್ಟೆ, ಬೋಡಿಲ್ ಕರವಸ್ತ್ರ ಕೊಟ್ಟಳು.

ಆ ಹಳ್ಳಿಯ ಕಿರಾಣಿ ಅಂಗಡಿಗೆ ಫೋನ್ ಮಾಡಿ ಯಂತ್ರದ ವರ್ಣನೆ ಹೇಳಿದೆ. ಅಂಗಡಿಯವಳು ನಿಟ್ಟುಸಿರು ಬಿಟ್ಟು, "ಅದು ನಮ್ಮ ಕ್ರೆಸ್ಟೆನ್‌ದು. ಪಾಪ, ಅವ್ರು ಈಗ ಫೋನೇ ಎತ್ತಲ್ಲ. ನೀವು ಆರನೇವ್ರು" ಅಂದಳು. ಮರುದಿನವೇ ಕಾರು ತೆಗೆದೆ.

ಕ್ರೆಸ್ಟೆನ್‌ಗೆ ಎಂಬತ್ತು ದಾಟಿದೆ. ಗೇಟಿನಲ್ಲಿ ನನ್ನನ್ನು ನೋಡಿದ್ದೇ ತಡ ಎರಡೂ ಕೈ ಎತ್ತಿ, "ನಾನು ಯಾರ ದುಡ್ಡೂ ತಗೊಂಡಿಲ್ಲಮ್ಮ" ಅಂದ. ಹಣ ಕಳೆದುಕೊಂಡ ಐದು ಜನ ಅವನ ಬಾಗಿಲಿಗೆ ಬಂದು ಹೋಗಿದ್ದರು. ಒಬ್ಬ ಪೊಲೀಸರನ್ನೂ ಕರೆತಂದಿದ್ದನಂತೆ. ಕಳ್ಳ ಅವನ ಚಿತ್ರ ಕದ್ದ, ಅವನ ಮಾತನ್ನೂ ಕದ್ದ. ಟೈರು, ತೇಪೆ, ತೀರಾ ಕೆಟ್ಟದಾಗೇನೂ ಓಡುವುದಿಲ್ಲ ಎಂಬುದೆಲ್ಲ ಅವನೇ ಬರೆದದ್ದು. ಆ ನಾಚಿಕೆಗೆ ಅವನು ಜಾಹೀರಾತು ತೆಗೆದ, ಫೋನ್ ನಂಬರ್ ಬದಲಾಯಿಸಿದ, ಚರ್ಚಿಗೆ ಹೋಗುವುದನ್ನೂ ಬಿಟ್ಟ. ಅವನಿಗೆ ನಿನ್ನ ಕಥೆ ಹೇಳಿದೆ. "ಅವ್ರು ಯಾಕೆ ಮನೆ ಬಿಟ್ಟು ಹೋದ್ರು?" ಎಂದು ಕೇಳಿದ. ನೀವು ಚರ್ಚ್ ಯಾಕೆ ಬಿಟ್ಟಿರಿ ಎಂದೆ. ಅದಕ್ಕವನು ಕಾಫಿ ಬಿಸಿ ಮಾಡಲು ಎದ್ದ.

ಯಂತ್ರ ನೋಡಿದೆ. ಕೆಳಗೆ ಮಲಗಿ ನೋಡಿದೆ. ಓಡಿಸಿ ತೋರಿಸಿ ಎಂದೆ, ಬೇರಿಂಗ್‌ಗೆ ಕಿವಿ ಕೊಟ್ಟೆ, ತಗಡಿನ ನಂಬರನ್ನು ಅವನ ಹಳೆಯ ರಸೀದಿಯ ಜೊತೆ ಹೋಲಿಸಿದೆ, ಅದರ ಮೇಲೆ ಸಾಲ ಇದೆಯೇ ಎಂದು ನೋಂದಣಿ ಕಚೇರಿಗೆ ಕೇಳಿದೆ. ಪ್ರತಿ ಸಲವೂ ಕ್ಷಮೆ ಕೇಳಬೇಕೆನ್ನಿಸಿ ನಾಲಿಗೆ ಕಚ್ಚಿಕೊಂಡೆ. ಕೊನೆಗೆ ಕ್ರೆಸ್ಟೆನ್ನೇ, "ಇಷ್ಟು ಪ್ರಶ್ನೆ ಯಾರೂ ಕೇಳಿರ್ಲಿಲ್ಲ. ನನ್ನ ಯಂತ್ರಕ್ಕೆ ಮರ್ಯಾದೆ ಬಂತು" ಅಂದ. ಬೆಲೆಯ ಮಾತು ಬಂದಾಗ ಅವನು ಇಳಿಸುತ್ತಾ ಹೋದ, ನಾನು ಏರಿಸುತ್ತಾ ಹೋದೆ. ನಮ್ಮ ಜಗಳ ನೋಡಲು ಪಕ್ಕದ ಮನೆಯವರು ಬಂದು ನಿಂತರು.

ಹಣ ಎಲ್ಲಿಂದ ಬಂತು ಎಂಬುದಕ್ಕೆ ಈಗ ಬರುತ್ತೇನೆ. ಕಾರಿನ ಹಿಂದೆ ಎಳೆದೊಯ್ಯುವ ನಿನ್ನ ಗಾಲಿಮನೆ, ಆ ಕ್ಯಾರವಾನ್, ಮಾರಿದೆ. ಕೂಗಾಡಬೇಡ, ಪೆಟ್ರಿನಳಿಗೆ ರಕ್ತದೊತ್ತಡ ಇದೆ. ಕೊಳ್ಳಲು ಬಂದ ಗಂಡ ಹೆಂಡತಿ ಇನ್ನೂ ಚಿಕ್ಕವರು. ಹುಡುಗಿ ನೆಲದ ಮೇಲೆ ಮಲಗಿ ಮೂಲೆ ಮೂಲೆ ಮೂಸಿದಳು, ನೀರು ಸೋರಿದೆಯೇ ಎಂದು. ಮೊದಲಾಗಿದ್ದರೆ ಎಂಥ ಸಂಸ್ಕಾರವಿಲ್ಲದ ಹುಡುಗಿ ಎನ್ನುತ್ತಿದ್ದೆ. ಈ ಸಲ ಅವಳಿಗೆ ಕೇಕ್ ಕೊಟ್ಟೆ.

ಯಂತ್ರ ಖಚಿತವಾದ ಮೇಲೆ ಆ ಖದೀಮನಿಗೆ, ನಿನ್ನ ಹೆಂಡತಿ ಎಂದು ಹೇಳಿಯೇ, ಕೊನೆಯ ಪತ್ರ ಬರೆದೆ. ಜನವರಿಯಲ್ಲಿ ನೀನು ಹಂದಿ ಸಾಕಿದ್ದೆ, ಫೆಬ್ರವರಿಯಲ್ಲಿ ವಿಧವೆಯಾದೆ, ನಿನ್ನ ಖಾತೆ ನಂಬರ್ ಮತ್ತು ಮಾತುಗಳೆಲ್ಲ ಈಗ ಪೊಲೀಸರ ಹತ್ತಿರ ಇವೆ, ಜಾಹೀರಾತಿನ ತಾಣದವರ ಹತ್ತಿರವೂ ಇವೆ ಎಂದೆ. ಉತ್ತರ ಬರುವುದಿಲ್ಲ ಎಂದುಕೊಂಡಿದ್ದೆ. ಬಂತು. ನಿಮ್ಮ ಯಜಮಾನರು ಬಹಳ ಸಭ್ಯರು, ಏನೂ ಕೇಳಲಿಲ್ಲ ಎಂದು ಬರೆದಿದ್ದ.

ಅದನ್ನು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಾಲನ್ನೂ ಸೇರಿಸಿ, ಅವನ ಎಲ್ಲ ಪತ್ರಗಳನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ, ಊರಿನ ಸಮುದಾಯ ಭವನದ ಫಲಕಕ್ಕೆ ಅಂಟಿಸಿದೆ. ಕೆಳಗೆ ನಮ್ಮಿಬ್ಬರ ಹೆಸರು ಬರೆದೆ. ವಿಗ್ಗೊ ಓಡಿಬಂದು, "ತೆಗೆದುಬಿಡು ಡಾಗ್ನಿ, ಎವಾಲ್ಡ್‌ನ ಮರ್ಯಾದೆ ಏನಾಗ್ಬೇಕು" ಅಂದ. ಮರ್ಯಾದೆ ಹೋಗಬೇಕಾದ್ದು ಕಳ್ಳನದು, ನಮ್ಮದಲ್ಲ, ಕೈ ಹಚ್ಚಿದರೆ ಕೈ ಮುರಿಯುತ್ತೇನೆ ಎಂದೆ. ಎರಡು ದಿನ ಬಿಟ್ಟು ಅವನೇ ನಮ್ಮ ಅಡುಗೆಮನೆಗೆ ಬಂದು ಕೂತು, ಟೋಪಿ ತಿರುಗಿಸುತ್ತಾ ಹೇಳಿದ: "ಮೂರು ವರ್ಷದ ಹಿಂದೆ ನಾನೂ ಒಂದು ಸೌದೆ ಸೀಳೋ ಯಂತ್ರಕ್ಕೆ ಕಳಿಸಿದ್ದೆ. ಇವತ್ತಿಗೂ ಬಂದಿಲ್ಲ. ಹೆಂಡ್ತಿಗೆ ಹೇಳಿಲ್ಲ." ಮೂರು ವರ್ಷದಿಂದ ಕೊಡಲಿಯಲ್ಲೇ ಸೌದೆ ಒಡೆಯುತ್ತಿದ್ದಾನೆ, ವ್ಯಾಯಾಮಕ್ಕೆ ಎಂದು ನಾವೆಲ್ಲ ನಂಬಿದ್ದೆವು.

ಯಂತ್ರ ಹೋದ ಗುರುವಾರ ಬಂತು. ಕ್ರೆಸ್ಟೆನ್ ತಾನೇ ಲಾರಿಯಲ್ಲಿ ಕೂತು ಜೊತೆಗೆ ಬಂದ. ಟೈರ್ ನಿಜವಾಗಿಯೂ ಬಿರುಕು ಬಿಟ್ಟಿದೆ. ವಿಗ್ಗೊ ಸುತ್ತ ಮೂರು ಸಲ ತಿರುಗಿ, ತೀರಾ ಕೆಟ್ಟದೇನಲ್ಲ ಎಂದ. ಸೆಪ್ಟೆಂಬರ್‌ನಲ್ಲಿ ನಾನು ಗೆಡ್ಡೆ ಕೀಳುವವಳೇ. ನೀನಿದ್ದರೂ ಕೀಳುತ್ತೇನೆ, ಇಲ್ಲದಿದ್ದರೂ ಕೀಳುತ್ತೇನೆ. ಆದರೆ ಇಪ್ಪತ್ತನೇ ತಾರೀಖಿನೊಳಗೆ ನಿನ್ನ ಸಹಿ ಬೇಕು, ಮತ್ತೆ ಟ್ರ್ಯಾಕ್ಟರ್ ಓಡಿಸುತ್ತಾ ಹಿಂದೆ ನಿಂತು ಕಲ್ಲು ಆರಿಸುವುದು ಒಬ್ಬಳಿಂದ ಆಗುವುದಿಲ್ಲ. ಸಹಿಯನ್ನು ಅಂಚೆಯಲ್ಲಿ ಕಳಿಸಿದರೆ ನನಗೆ ಬೇಡ. ನೀನಿಲ್ಲದ ಮನೆ ನನಗೆ ಹಿಡಿಸುತ್ತಿಲ್ಲ.

ಇನ್ನೂ ನಿನ್ನವಳೇ, ಜಗಳಕ್ಕೂ ಸೇರಿ,
ಡಾಗ್ನಿ

ಬಿಟ್ಟ ಮಾತು: ಮರೆತು ಬಿಟ್ಟದ್ದಲ್ಲ. ಹಣ ಕಳಿಸಿದ ದಿನ ನೀನು ಕೊಟ್ಟಿಗೆಯಲ್ಲಿದ್ದಾಗ ಬ್ಯಾಂಕಿನ ಹುಡುಗಿ ಮನೆಗೆ ಫೋನ್ ಮಾಡಿದ್ದಳು. ಖಾತೆ ಪರದೇಶದ್ದು, ಹೆಸರು ತಾಳೆಯಾಗುತ್ತಿಲ್ಲ, ತಡೆದು ಹಿಡಿಯಲೇ ಎಂದು ಕೇಳಿದಳು. ಜಂಟಿ ಖಾತೆ, ನನ್ನ ಮಾತೇ ಸಾಕಾಗಿತ್ತು. ನನ್ನ ಗಂಡ ಯಂತ್ರ ಕೊಳ್ಳಲು ಶುರು ಮಾಡಿದಾಗ ನೀನು ಹುಟ್ಟಿರಲಿಲ್ಲ, ಅವನಿಗೆ ಬುದ್ಧಿ ಹೇಳಲು ಬರಬೇಡ, ಕಳಿಸು ಎಂದು ಗದರಿಸಿ ಫೋನ್ ಇಟ್ಟೆ. ಲಾರಿ ಬಾರದ ಆ ರಾತ್ರಿ ನೀನು, ಬ್ಯಾಂಕಿನವರಾದರೂ ಒಂದು ಮಾತು ಎಚ್ಚರಿಸಬಾರದಿತ್ತೇ ಎಂದು ತಲೆ ಹಿಡಿದುಕೊಂಡು ಕೂತಾಗ ನಾನು ಪಾತ್ರೆ ತೊಳೆಯುತ್ತಿದ್ದೆ, ತೊಳೆಯುತ್ತಲೇ ಇದ್ದೆ. ಫಲಕದಲ್ಲಿ ಇದನ್ನೂ ಬರೆದಿದ್ದೇನೆ. ಊರಿಗೆಲ್ಲ ಗೊತ್ತು, ನಿನಗೊಬ್ಬನಿಗೇ ಗೊತ್ತಿರಲಿಲ್ಲ. ಮುಂದಿನ ಬುಧವಾರ ಮಧ್ಯಾಹ್ನದ ದೋಣಿಯ ಹೊತ್ತಿಗೆ ಬಂದರಿನಲ್ಲಿ ನಿಂತಿರುತ್ತೇನೆ. ಬೈಯುವುದಿದ್ದರೆ ಕಾರು ಹತ್ತಿದ ಮೇಲೆ ಬೈಯಿ, ಮನೆಯವರೆಗೆ ಮೂರು ತಾಸಿನ ದಾರಿ ಇದೆ.